ಅಮ್ಮನ ಎರಡನೇ ಮದುವೆ: ಅಮೆರಿಕದ ಮೆಡಿಕೇರ್ ಸಿಗುತ್ತಾ?

ವಿದ್ಯಾನಗರದವಳು
ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ ಬರೀತಿದೀನಿ. ಅಪ್ಪ ಸರ್ಕಾರಿ ಹೈಸ್ಕೂಲ್ ಮಾಸ್ತರಾಗಿದ್ರು, ತೀರ್ಕೊಂಡು ಬಹಳ ವರ್ಷ ಆತು. ಅಮ್ಮಂಗೆ ಈಗ 64. ನ್ಯೂಜೆರ್ಸಿಲಿರೋ ಒಬ್ರು ಅಂಕಲ್, ಮೂಲ ನಮ್ಮ ಜಗಳೂರು ಕಡೆಯವರೇ, 69 ವಯಸ್ಸು, ಹೆಂಡ್ತಿ ತೀರ್ಕೊಂಡಿದಾರೆ, ಅಲ್ಲಿನ ಸಿಟಿಜನ್, ಇಬ್ರೂ ಮದುವೆ ಆಗೋಣ ಅಂತ ತೀರ್ಮಾನ ಮಾಡಿದಾರೆ, ನಮಗೆಲ್ಲ ಖುಷಿನೇ (ಸೋದರಮಾವನ್ನ ಬಿಟ್ಟು, ಅದು ಬೇರೆ ಕಥೆ). ಚಿಂತೆ ಏನಿದ್ರೂ ಆಸ್ಪತ್ರೆ ಖರ್ಚಿಂದು, ಅಮ್ಮಂಗೆ ಶುಗರೂ ಐತೆ ಬಿಪಿನೂ ಐತೆ. ಅಂಕಲ್‌ಗೆ ಮೆಡಿಕೇರ್ (ಅಲ್ಲಿ ವಯಸ್ಸಾದವರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ) ಐತಂತೆ. ರೇಷನ್ ಕಾರ್ಡಿಗೆ ಸೊಸೆ ಹೆಸರು ಸೇರಿಸ್ದಂಗೆ ಅದಕ್ಕೆ ಅಮ್ಮನ ಹೆಸರು ಸೇರಿಸಬಹುದಾ? ಅಂಕಲ್‌ದಕ್ಕೆ ಏನಾದ್ರೂ ತೊಂದ್ರೆ ಆಗುತ್ತಾ?

ಎಡಿಸನ್ ಕನ್ನಡಿಗ
ಸೇರ್ಸಕ್ಕಾಗಲ್ಲ ಮೇಡಂ. ಅದು ಫ್ಯಾಮಿಲಿ ಪಾಲಿಸಿ ಅಲ್ಲ, 65 ತುಂಬಿದ್ಮೇಲೆ ಅವರವರದ್ದು ಅವರವರಿಗೆ. ಆದ್ರೆ ಅಂಕಲ್ ದುಡಿದಿದ್ದು ಅಮ್ಮನ ಉಪಯೋಗಕ್ಕೆ ಬರುತ್ತೆ. ಅವರು ಅಲ್ಲಿ ಒಟ್ಟು 10 ವರ್ಷ ಟ್ಯಾಕ್ಸ್ ಕಟ್ಟಿ ಕೆಲ್ಸ ಮಾಡಿದ್ರೆ, ಮದುವೆಯಾಗಿ 1 ವರ್ಷ ಆಗಿದ್ರೆ, ಅಮ್ಮಂಗೆ 65 ಆಗಿ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಇರೋಕೆ ಕೊಡೋ ಪರವಾನಗಿ) ಮೇಲೆ ಅಲ್ಲೇ ವಾಸ ಇದ್ರೆ ಪಾರ್ಟ್ ಎ, ಅಂದ್ರೆ ಆಸ್ಪತ್ರೆಗೆ ಅಡ್ಮಿಟ್ ಆದಾಗಿಂದು, ಪ್ರೀಮಿಯಂ ಇಲ್ದೆ ಸಿಗುತ್ತೆ. ಗಂಡನ ಲೆಕ್ಕ ಇಲ್ದಿದ್ರೆ ಗ್ರೀನ್ ಕಾರ್ಡ್ ಬಂದು 5 ವರ್ಷ ಕಾಯ್ಬೇಕಿತ್ತು, ಆಮೇಲೂ ದುಡ್ಡು ಕೊಟ್ಟೇ ತಗೋಬೇಕು, 2025ರ ರೇಟಲ್ಲಿ ತಿಂಗಳಿಗೆ 518 ಡಾಲರ್‌ವರೆಗೆ! ಡಾಕ್ಟರ್ ಫೀಸಿನ ಪಾರ್ಟ್ ಬಿ ಮಾತ್ರ ಸಾಮಾನ್ಯವಾಗಿ ಫ್ರೀ ಅಲ್ಲ, 2025ರಲ್ಲಿ ತಿಂಗಳಿಗೆ ತಲಾ 185 ಡಾಲರ್ ಇತ್ತು. ಅರ್ಹತೆ ಬಂದಾಗ ತಗೊಳ್ದೆ ಸುಮ್ನಿದ್ರೆ ಪ್ರತಿ 12 ತಿಂಗಳ ತಡಕ್ಕೆ 10% ಹೆಚ್ಚು, ಅದೂ ಸಾಯೋತನಕ.

ಸುಮ್ನೆ ಓದುಗ
ಅಂಕಲ್ ಕಡೆ ನೋಡಿದ್ರೆ ಆದಾಯದ ವಿಷ್ಯ ಒಂದಿದೆ. ಒಬ್ರೇ ಇದ್ರೆ ವರ್ಷಕ್ಕೆ 1,06,000 ಡಾಲರ್ ದಾಟಿದ್ರೆ ಪಾರ್ಟ್ ಬಿಗೆ ಹೆಚ್ಚು ಕಟ್ಬೇಕು, ಗಂಡ ಹೆಂಡ್ತಿ ಒಟ್ಟಿಗೆ ಟ್ಯಾಕ್ಸ್ ರಿಟರ್ನ್ ಹಾಕಿದ್ರೆ ಮಿತಿ 2,12,000 (ಇವು 2025ರವು, ವರ್ಷಾವರ್ಷ ಬದಲಾಗ್ತವೆ). ಅಮ್ಮಂಗೆ ಅಲ್ಲಿ ಆದಾಯ ಇಲ್ಲ ಅಂದ್ಮೇಲೆ ಮದುವೆಯಿಂದ ಅಂಕಲ್‌ಗೆ ಲಾಭನೇ. ಒಂದೇ ಮನೇಲಿದ್ದು ಬೇರೆ ಬೇರೆ ಫೈಲ್ ಮಾಡೋಕೆ ಮಾತ್ರ ಹೋಗ್ಬೇಡಿ, ಜಾಸ್ತಿ ಬೀಳುತ್ತೆ.

ದುರ್ಗದ ನಿವೃತ್ತ ಗುಮಾಸ್ತ
ತಂಗೀ, ಅಮೆರಿಕದ್ದು ನಂಗೆ ತಿಳಿಯಲ್ಲ, ಇಲ್ಲಿಂದು ಹೇಳ್ತೀನಿ. ಅಮ್ಮಂಗೆ ನಿಮ್ಮಪ್ಪಾರ ಕುಟುಂಬ ಪಿಂಚಣಿ ಬರ್ತಿದ್ರೆ ಮರುಮದುವೆ ಆದ ದಿನಕ್ಕೆ ಅದು ನಿಲ್ತೈತೆ. ಮದುವೆ ವಿಷ್ಯ ಖಜಾನೆಗೂ ಬ್ಯಾಂಕಿಗೂ ನೀವೇ ಹೋಗಿ ಬರೆದುಕೊಡ್ರಿ. ಮುಚ್ಚಿಟ್ಟು ತಗೊಂಡ್ರೆ ಅಷ್ಟೂ ವಸೂಲಿ ಮಾಡ್ತಾರೆ.

ವಿದ್ಯಾನಗರದವಳು
ಅಯ್ಯೋ ಪಿಂಚಣಿದು ತಲೇಲೇ ಇರ್ಲಿಲ್ಲ ಸರ್, ಅಮ್ಮಂಗೆ ಹೇಳ್ಬೇಕು. ಎಡಿಸನ್ ಸರ್, ಆ 1 ವರ್ಷ ಅಮ್ಮ ಅಲ್ಲಿಗೆ ಹೋದ್ಮೇಲಿಂದನಾ? ಮನೇಲಿ ಆಷಾಢ ಕಳೀಲಿ ಅಂತಿದಾರೆ.

ಎಡಿಸನ್ ಕನ್ನಡಿಗ
ಇಲ್ಲ, ಮದುವೆ ತಾರೀಖಿಂದ, ಅಮ್ಮ ದಾವಣಗೆರೇಲೇ ಇದ್ರೂ ನಡೆಯುತ್ತೆ. ಹೆಂಡ್ತಿ ವೀಸಾಗೆ ಹೆಂಗೂ ಟೈಮ್ ಹಿಡಿಯುತ್ತೆ, ಆ 1 ವರ್ಷ ಊರಲ್ಲೇ ಕಳೆದುಹೋಗ್ಬೋದು. ಅದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಬೇಗ ನೋಂದಣಿ ಮಾಡ್ಸಿ ಸರ್ಟಿಫಿಕೇಟ್ ತಗೊಳ್ಳಿ, ಊಟ ಗೀಟ ಶ್ರಾವಣದಲ್ಲಿ ಇಟ್ಕೊಳ್ಳಿ. ಇನ್ನೊಂದು, 65 ಆಗೋಕ್ ಮುಂಚೆ ಹೋದ್ರೆ ಅಲ್ಲಿವರೆಗೆ ಅಲ್ಲಿನ ಮಾರ್ಕೆಟ್‌ಪ್ಲೇಸಲ್ಲಿ (ಆರೋಗ್ಯ ವಿಮೆ ಕೊಳ್ಳೋ ಸರ್ಕಾರಿ ವೆಬ್‌ಸೈಟ್) ಬೇರೆ ಇನ್ಶೂರೆನ್ಸ್ ಬೇಕು, ಹೋದ 60 ದಿನದೊಳಗೆ ಅರ್ಜಿ ಹಾಕ್ಸಿ. ಆಮೇಲೆ ಊರಿಗೆ ಬಂದಾಗ ಇಲ್ಲಿ ಆಸ್ಪತ್ರೆಗೆ ಸೇರಿದ್ರೆ ಮೆಡಿಕೇರ್ ಕೊಡಲ್ಲ, ಅಮ್ಮನ ಹೆಸರಲ್ಲಿ ಇಲ್ಲಿ ಯಾವ್ದಾದ್ರೂ ಪಾಲಿಸಿ ಇದ್ರೆ ನಿಲ್ಲಿಸ್ಬೇಡಿ.