14 ಇಂಚಿನ ಲ್ಯಾಪ್‌ಟಾಪಿಗೆ ಎಷ್ಟು ರೆಸಲ್ಯೂಶನ್ ಬೇಕು?

ಪ್ರಶ್ನೆ

ಹೊಸ ಲ್ಯಾಪ್‌ಟಾಪ್ ಕೊಳ್ಳುವ ತಯಾರಿಯಲ್ಲಿದ್ದೇನೆ. ಪ್ರೊಸೆಸರ್, ಮೆಮರಿ ಇತ್ಯಾದಿಗಳೆಲ್ಲ ತೀರ್ಮಾನವಾಗಿವೆ. ಪರದೆಯ ವಿಷಯದಲ್ಲಿ ಮಾತ್ರ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಾನು ನೋಡಿಟ್ಟಿರುವುದು 14 ಇಂಚಿನ ಮಾದರಿ. ಅದೇ ಯಂತ್ರ ಮೂರು ಬಗೆಯ ಪರದೆಗಳಲ್ಲಿ ದೊರೆಯುತ್ತದೆ: 1920×1200, 2560×1600 ಮತ್ತು 2880×1800. ಮೊದಲೆರಡು ಐಪಿಎಸ್ (ಎಲ್‌ಸಿಡಿ ಪರದೆಯ ಒಂದು ಬಗೆ), ಮೂರನೆಯದು ಓಎಲ್‌ಇಡಿ.

ನನ್ನ ಕೆಲಸ ಮುಖ್ಯವಾಗಿ ಓದು-ಬರಹದ್ದು. ಒಂದು ಬದಿಗೆ ಮೂಲ ಪಿಡಿಎಫ್, ಇನ್ನೊಂದು ಬದಿಗೆ ನನ್ನ ಕರಡು ಇಟ್ಟುಕೊಂಡು ಕನ್ನಡದ ದೀರ್ಘ ಬರಹಗಳನ್ನು ತಿದ್ದುತ್ತೇನೆ. ಆಗೀಗ ದೊಡ್ಡ ಸ್ಪ್ರೆಡ್‌ಶೀಟುಗಳನ್ನೂ ನೋಡಬೇಕಾಗುತ್ತದೆ. ಆಟಗಳನ್ನು ಆಡುವುದಿಲ್ಲ. ಈಗಿರುವ ಹಳೆಯ ಯಂತ್ರದ್ದು 15.6 ಇಂಚಿನ 1366×768 ಪರದೆ. ಎರಡು ವಿಂಡೋ ಅಕ್ಕಪಕ್ಕ ತೆರೆದರೆ ಎರಡರಲ್ಲೂ ಸಾಲುಗಳು ಅರ್ಧಕ್ಕೇ ಮುರಿಯುತ್ತವೆ. ರೆಸಲ್ಯೂಶನ್ ಹೆಚ್ಚಿದಷ್ಟೂ ಪರದೆಯಲ್ಲಿ ಹೆಚ್ಚು ಹಿಡಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಅಷ್ಟು ಚಿಕ್ಕ ಪರದೆಗೆ ಅದು ದಂಡ, ಬ್ಯಾಟರಿಗೂ ಹೊಡೆತ ಎನ್ನುವವರೂ ಇದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ

ಎರಡನೆಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮೊದಲನೆಯವರ ಮಾತನ್ನು ನಂಬಿ ಹಣ ಹಾಕಿದರೆ ಮಾತ್ರ ನಿರಾಶೆಯಾಗುವುದು ಖಂಡಿತ, ಏಕೆಂದರೆ ಪರದೆಯಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನು ನಿರ್ಧರಿಸುವುದು ಪರದೆಯ ಗಾತ್ರ ಮತ್ತು ನಿಮ್ಮ ಕಣ್ಣಿಗೆ ಬೇಕಾದ ಅಕ್ಷರದ ಗಾತ್ರ. ರೆಸಲ್ಯೂಶನ್ ನಿರ್ಧರಿಸುವುದು ಆ ಅಕ್ಷರ ಎಷ್ಟು ನಯವಾಗಿ ಮೂಡುತ್ತದೆ ಎಂಬುದನ್ನು.

14 ಇಂಚಿನ 2880×1800 ಪರದೆಯಲ್ಲಿ ಒಂದು ಇಂಚಿಗೆ ಸುಮಾರು 243 ಪಿಕ್ಸೆಲ್‌ಗಳಿರುತ್ತವೆ. ವಿಂಡೋಸ್ ತನ್ನ ಅಕ್ಷರ, ಮೆನು, ಗುಂಡಿಗಳನ್ನು ಇಂಚಿಗೆ 96 ಪಿಕ್ಸೆಲ್ ಎಂಬ ಹಳೆಯ ಲೆಕ್ಕದಲ್ಲಿ ಅಳೆಯುವುದರಿಂದ, ಸ್ಕೇಲಿಂಗ್ ಅನ್ನು, ಅಂದರೆ ಅವುಗಳನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗನ್ನು, 100%ರಲ್ಲಿಯೇ ಬಿಟ್ಟರೆ ಅವೆಲ್ಲ ಇರಬೇಕಾದ ಗಾತ್ರದ ಅರ್ಧಕ್ಕಿಂತಲೂ ಚಿಕ್ಕದಾಗಿ ಕಾಣುತ್ತವೆ. ಹಾಗೆ ಕುಳಿತು ಕೆಲಸ ಮಾಡುವುದು ಯಾರಿಂದಲೂ ಆಗದು. ಆದ್ದರಿಂದ ಸ್ಕೇಲಿಂಗ್ ಏರಿಸಲೇಬೇಕು, ಏರಿಸಿದಷ್ಟೂ ಜಾಗ ಕಡಿಮೆಯಾಗುತ್ತಲೇ ಹೋಗುತ್ತದೆ. 2880×1800 ಪರದೆಯನ್ನು 200%ಗೆ ಇಟ್ಟರೆ ಕೆಲಸಕ್ಕೆ ಸಿಗುವುದು 1440×900ರಷ್ಟು ಜಾಗ. 2560×1600 ಪರದೆ 175%ರಲ್ಲಿ ಸುಮಾರು 1463×914 ಕೊಡುತ್ತದೆ. 1920×1200 ಪರದೆ 125%ರಲ್ಲಿ 1536×960. ಮೂರರಲ್ಲೂ ಅಕ್ಷರಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಹಾಗಾಗಿ ಜಾಗವೂ ಒಂದೇ. ಕಡಿಮೆ ಬೆಲೆಯ ಪರದೆಯಲ್ಲೇ ನಾಲ್ಕು ಸಾಲು ಹೆಚ್ಚು ಕಂಡರೆ ಅದಕ್ಕೆ ಕಾರಣ ಅಲ್ಲಿ ಅಕ್ಷರ ತುಸು ಚಿಕ್ಕದಾಗಿರುವುದು, ಅಷ್ಟೇ.

ನಿಮ್ಮ ನಿಜವಾದ ತೊಂದರೆ ಅಕ್ಕಪಕ್ಕದ ಎರಡು ವಿಂಡೋಗಳದ್ದು. ಹಳೆಯ ಪರದೆಯಲ್ಲಿ ಒಂದೊಂದು ವಿಂಡೋಗೆ 683 ಪಿಕ್ಸೆಲ್ ಅಗಲ ಸಿಗುತ್ತಿತ್ತು. ಹೊಸದರಲ್ಲಿ, 1920×1200 ಪರದೆಯನ್ನು 125%ಗೆ ಇಟ್ಟರೆ, 768 ಸಿಗುತ್ತದೆ. ಇದೇನೂ ಹೇಳಿಕೊಳ್ಳುವಂಥ ಲಾಭವಲ್ಲ. ಎತ್ತರದಲ್ಲಿ 768ರಿಂದ 960ಕ್ಕೆ ಏರುವುದು ಮಾತ್ರ ಚೆನ್ನಾಗಿ ಅನುಭವಕ್ಕೆ ಬರುತ್ತದೆ, ಮತ್ತು ನೀವು ಆರಿಸಿರುವ ಮೂರೂ ಪರದೆಗಳು 16:10 ಪ್ರಮಾಣದವಾಗಿರುವುದು ಅದಕ್ಕೆ ನೆರವಾಗಿದೆ. ಅದೇ 14 ಇಂಚಿನ 16:9 ಪರದೆಗಿಂತ ಇವು ಸುಮಾರು 1.4 ಸೆಂ.ಮೀ. ಹೆಚ್ಚು ಎತ್ತರವಿರುತ್ತವೆ. ಅಗಲದ ಕೊರತೆಯೇ ಕಾಡುತ್ತಿದ್ದರೆ 16 ಇಂಚಿನ ಯಂತ್ರವನ್ನು ನೋಡಿ. ಅದರಲ್ಲಿ 1920×1200 ಪರದೆಯನ್ನು 100%ರಲ್ಲಿಯೇ ಇಟ್ಟುಕೊಳ್ಳಬಹುದು. ಅಕ್ಷರ ಸ್ವಲ್ಪ ಚಿಕ್ಕದೆನಿಸಿದರೂ ಪ್ರತಿ ವಿಂಡೋಗೆ 960 ಪಿಕ್ಸೆಲ್ ಅಗಲ ದೊರೆಯುತ್ತದೆ. ತೂಕ ಹೆಚ್ಚುತ್ತದೆ ಎಂಬುದು ಬೇರೆ ಮಾತು.

ಇನ್ನೊಂದು ಎಚ್ಚರಿಕೆ. ರೆಸಲ್ಯೂಶನ್ ಒಂದೇ ಎಂದಮಾತ್ರಕ್ಕೆ ಪರದೆಗಳು ಒಂದೇ ಅಲ್ಲ. 1920×1200 ಎಂದು ಮಾರಾಟವಾಗುವವುಗಳಲ್ಲಿ 250 ನಿಟ್ಸ್ ಬೆಳಕಿನ, 45% ಎನ್‌ಟಿಎಸ್‌ಸಿ ಬಣ್ಣದ ಸಪ್ಪೆ ಪ್ಯಾನೆಲ್‌ಗಳೂ ಇವೆ, 400 ನಿಟ್ಸ್ ಬೆಳಕಿನ, 100% ಎಸ್‌ಆರ್‌ಜಿಬಿ ಬಣ್ಣದ ಒಳ್ಳೆಯವೂ ಇವೆ (ನಿಟ್ಸ್ ಎಂಬುದು ಪರದೆಯ ಬೆಳಕಿನ ಅಳತೆ; ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎಂಬವು ಪರದೆ ತೋರಬಲ್ಲ ಬಣ್ಣಗಳ ವ್ಯಾಪ್ತಿಯನ್ನು ಅಳೆಯುವ ಮಾನದಂಡಗಳು). ನನ್ನನ್ನು ಕೇಳಿದರೆ ಸಪ್ಪೆಯಾದ 2560×1600ಕ್ಕಿಂತ ಒಳ್ಳೆಯ 1920×1200 ಎಷ್ಟೋ ವಾಸಿ.

ಎರಡನೆಯ ಉತ್ತರ

ಜಾಗದ ಲೆಕ್ಕದ ಬಗ್ಗೆ ಮೇಲಿನವರು ಬರೆದದ್ದು ಸರಿಯಾಗಿದೆ. ಆದರೆ ಅವರು ನಯವನ್ನು ಒಂದು ಅಲಂಕಾರದಂತೆ ಪಕ್ಕಕ್ಕೆ ಸರಿಸಿದ್ದು ಕನ್ನಡ ಓದುವವರ ಮಟ್ಟಿಗೆ ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ.

11 ಪಾಯಿಂಟ್ ಗಾತ್ರದ ಬರಹವನ್ನೇ ತೆಗೆದುಕೊಳ್ಳಿ. 125% ಸ್ಕೇಲಿಂಗಿನಲ್ಲಿ ಆ ಅಕ್ಷರಕ್ಕೆ ಸಿಗುವುದು ಸುಮಾರು 18 ಪಿಕ್ಸೆಲ್‌ಗಳ ಎತ್ತರ. ಇಂಗ್ಲಿಷಿನ ಅಕ್ಷರಗಳಿಗೆ ಅಷ್ಟು ಸಾಕು. "ರಾಷ್ಟ್ರ" ಎಂದು ಬರೆದಾಗ ತಲೆಕಟ್ಟು, ಅಕ್ಷರದ ಮೈ, ಅದರ ಕೆಳಗೆ ಎರಡು ಒತ್ತುಗಳು, ಇವೆಲ್ಲವೂ ಆ ಅಳತೆಯಲ್ಲೇ ಮೂಡಬೇಕು. ಒಂದೊಂದು ಒತ್ತಿನ ಪಾಲಿಗೆ ಬರುವುದು ಬೆರಳೆಣಿಕೆಯ ಪಿಕ್ಸೆಲ್‌ಗಳು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಅಡಿಯಲ್ಲಿ ಬರುವ ಒಂದು ಚಿಕ್ಕ ಗೀಟು ಮಾತ್ರ. ಅದು ಒಂದೇ ಪಿಕ್ಸೆಲ್ ಅಗಲಕ್ಕೆ ಇಳಿದು ಬೂದುಬಣ್ಣದಲ್ಲಿ ಕದಡಿಹೋದರೆ ಕರಡು ತಿದ್ದುವವರ ಕಣ್ಣಿಗೆ ಅದು ತಪ್ಪಿಹೋಗುವುದು ಸಹಜ. 2560×1600ರ ಪರದೆಯಲ್ಲಿ 175%ಗೆ ಇಟ್ಟರೆ ಅದೇ ಅಕ್ಷರಕ್ಕೆ ಸುಮಾರು 26 ಪಿಕ್ಸೆಲ್ ಎತ್ತರ ಸಿಗುತ್ತದೆ. ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಇದಕ್ಕೆ ಮಿತಿಯೂ ಇದೆ. ಸಾಮಾನ್ಯ ದೃಷ್ಟಿ ಎಂದು ವೈದ್ಯರು ಕರೆಯುವ 6/6 ದೃಷ್ಟಿಯ ಕಣ್ಣು ಸುಮಾರು ಒಂದು ಆರ್ಕ್ ಮಿನಿಟ್‌ನಷ್ಟು, ಅಂದರೆ ಒಂದು ಡಿಗ್ರಿಯ 60ರಲ್ಲಿ ಒಂದು ಭಾಗದಷ್ಟು, ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲದು. 60 ಸೆಂ.ಮೀ. ದೂರದಿಂದ ನೋಡುವವರಿಗೆ ಇದು ಇಂಚಿಗೆ ಸುಮಾರು 145 ಪಿಕ್ಸೆಲ್, 50 ಸೆಂ.ಮೀ.ಗೆ 175, 40 ಸೆಂ.ಮೀ.ಗೆ ಸುಮಾರು 218 ಎಂದಾಗುತ್ತದೆ. ನಿಮ್ಮ ಮೂರು ಪರದೆಗಳ ಸಾಂದ್ರತೆ ಕ್ರಮವಾಗಿ 162, 216 ಮತ್ತು 243. ಚೂಪಾದ ಕಣ್ಣಿನವರು ಇದಕ್ಕಿಂತ ಹೆಚ್ಚನ್ನೂ ಗುರುತಿಸಬಲ್ಲರು, ಆದ್ದರಿಂದ ಇದನ್ನು ಗೆರೆ ಎಳೆದಂತೆ ತೆಗೆದುಕೊಳ್ಳಬೇಡಿ. ಮೊದಲು ನೀವು ಪರದೆಯಿಂದ ಎಷ್ಟು ದೂರ ಕುಳಿತುಕೊಳ್ಳುತ್ತೀರಿ ಎಂದು ಟೇಪು ಹಿಡಿದು ಅಳೆಯಿರಿ.

ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಧನ್ಯವಾದಗಳು. ಅಳೆದು ನೋಡಿದೆ, ಕನ್ನಡಕ ಹಾಕಿಕೊಂಡು ಕುಳಿತಾಗ 45ರಿಂದ 50 ಸೆಂ.ಮೀ. ಇದೆ. 16 ಇಂಚಿನದು ನನಗೆ ಆಗುವುದಿಲ್ಲ, ಯಂತ್ರವನ್ನು ದಿನವೂ ಹೊತ್ತು ತಿರುಗಬೇಕು. ಆದರೆ ಮೇಜಿನ ಮೇಲೆ 24 ಇಂಚಿನ 1920×1080 ಮಾನಿಟರ್ ಒಂದಿದೆ, ಅದಕ್ಕೆ ಜೋಡಿಸಿಕೊಳ್ಳುತ್ತೇನೆ. ಹಾಗಿರುವಾಗ ಯಾವುದನ್ನು ಆರಿಸಬೇಕು? ಓಎಲ್‌ಇಡಿಯನ್ನು ಪೂರ್ತಿ ಕೈಬಿಡಬಹುದೇ? 2560×1600 ಕೊಂಡ ಮೇಲೆ ಬ್ಯಾಟರಿ ಉಳಿಸಲು ಅದನ್ನು 1920×1200ಕ್ಕೆ ಇಳಿಸಿ ಬಳಸಬಹುದೇ?

ಮೂರನೆಯ ಉತ್ತರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾನೆಲ್‌ನಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ ಬದಲಾಗುವುದಿಲ್ಲ. 1920ನ್ನು 2560ಕ್ಕೆ ಹಿಗ್ಗಿಸುವಾಗ ಚಿತ್ರದ ಮೂರು ಪಿಕ್ಸೆಲ್ ಪರದೆಯ ನಾಲ್ಕು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ, ಆ ಹಂಚಿಕೆಯಲ್ಲಿ ಅಕ್ಷರದ ಅಂಚೆಲ್ಲ ಮಸುಕಾಗುತ್ತದೆ. ಹೆಚ್ಚಿನ ಹಣ ಕೊಟ್ಟು ತಂದ ನಯವನ್ನು ಹೀಗೆ ಕಳೆದುಕೊಂಡ ಮೇಲೆ ಉಳಿಯುವ ಬ್ಯಾಟರಿಯೂ ಅಲ್ಪ, ಏಕೆಂದರೆ ಎಲ್‌ಸಿಡಿ ಪರದೆಯಲ್ಲಿ ವಿದ್ಯುತ್ತಿನ ದೊಡ್ಡ ಪಾಲನ್ನು ತಿನ್ನುವುದು ಹಿಂಬದಿಯ ಬೆಳಕು. ಪಿಕ್ಸೆಲ್‌ಗಳು ಒತ್ತೊತ್ತಾದಷ್ಟೂ ಅವುಗಳ ಟ್ರಾನ್ಸಿಸ್ಟರ್ ಮತ್ತು ತಂತಿಗಳು ಬೆಳಕನ್ನು ಹೆಚ್ಚು ತಡೆಯುತ್ತವೆ, ಅಷ್ಟೇ ಪ್ರಕಾಶಕ್ಕೆ ಹಿಂಬದಿಯ ದೀಪ ಹೆಚ್ಚು ಉರಿಯಬೇಕಾಗುತ್ತದೆ. ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಇಳಿಸಿದರೆ ಇದು ಬದಲಾಗುವುದಿಲ್ಲ. ಅಕ್ಷರ ದೊಡ್ಡದಾಗಬೇಕೆಂದರೆ ಸ್ಕೇಲಿಂಗ್ ಏರಿಸಿ, ಬ್ಯಾಟರಿ ಉಳಿಯಬೇಕೆಂದರೆ ಬ್ರೈಟ್‌ನೆಸ್ ಇಳಿಸಿ.

ಓಎಲ್‌ಇಡಿಯಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿರುತ್ತದೆ, ಸಿನಿಮಾ ನೋಡಲು ಸೊಗಸು. ನಿಮ್ಮದು ಬಿಳಿ ಹಾಳೆಯ ಕೆಲಸ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುವುದರಿಂದ ಪರದೆಯ ತುಂಬ ಬಿಳಿ ತೆರೆದಿಟ್ಟಾಗಲೇ ಅದು ಅತಿ ಹೆಚ್ಚು ವಿದ್ಯುತ್ ಬಳಸುತ್ತದೆ. ಜೊತೆಗೆ ಹಲವು ಓಎಲ್‌ಇಡಿ ಪರದೆಗಳು ಬ್ರೈಟ್‌ನೆಸ್ ತಗ್ಗಿಸುವುದು ಬೆಳಕನ್ನು ಅತಿ ವೇಗವಾಗಿ ಆರಿಸಿ-ಹೊತ್ತಿಸಿ. ಎಲ್ಲರಿಗೂ ಇದು ಗೊತ್ತಾಗುವುದಿಲ್ಲ, ಕೆಲವರಿಗೆ ತಲೆನೋವು ತರುತ್ತದೆ. ಕೆಳಗಿನ ಟಾಸ್ಕ್‌ಬಾರ್‌ನಂತೆ ಗಂಟೆಗಟ್ಟಲೆ ಒಂದೇ ಕಡೆ ನಿಲ್ಲುವ ಚಿತ್ರ ವರ್ಷಗಳು ಕಳೆದಂತೆ ಅಚ್ಚೊತ್ತುವ ಭಯವೂ ಇದೆ. ದಿನವಿಡೀ ಬರಹ ತಿದ್ದುವವರಿಗೆ ನಾನು ಅದನ್ನು ಹೇಳುವುದಿಲ್ಲ.

ನಿಮ್ಮ ದೂರಕ್ಕೆ ಮತ್ತು ಕನ್ನಡದ ಕೆಲಸಕ್ಕೆ 2560×1600 ಸರಿಯಾದ ಆಯ್ಕೆ. ಪ್ಯಾನೆಲ್‌ನ ಬೆಳಕು ಮತ್ತು ಬಣ್ಣದ ಅಂಕಿಗಳನ್ನು ಮೊದಲ ಉತ್ತರದಲ್ಲಿ ಹೇಳಿದಂತೆ ನೋಡಿಕೊಳ್ಳಿ. ಆದರೆ ಮಾನಿಟರ್‌ನ ಸಂಗತಿಯನ್ನು ಈಗಲೇ ತಿಳಿದಿರುವುದು ಒಳ್ಳೆಯದು. 24 ಇಂಚಿನ 1920×1080ರಲ್ಲಿ ಇಂಚಿಗೆ ಸುಮಾರು 92 ಪಿಕ್ಸೆಲ್ ಮಾತ್ರ, ಅದನ್ನು 100%ರಲ್ಲಿ ಇಡಬೇಕು, ಲ್ಯಾಪ್‌ಟಾಪಿನ ಪರದೆಯನ್ನು 175%ರಲ್ಲಿ. ವಿಂಡೋಸ್ 8.1ರಿಂದಲೇ ಒಂದೊಂದು ಪರದೆಗೆ ಬೇರೆ ಬೇರೆ ಸ್ಕೇಲಿಂಗ್ ಇಡುವ ಅನುಕೂಲವಿದೆ, 2017ರ ವಿಂಡೋಸ್ 10 ಪರಿಷ್ಕರಣೆಯಲ್ಲಿ ಅದು ಇನ್ನಷ್ಟು ಸುಧಾರಿಸಿತು. ಹಾಗಿದ್ದರೂ ಹಳೆಯ ಕಾಲದ ಕೆಲವು ಪ್ರೋಗ್ರಾಮ್‌ಗಳನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಎಳೆದಾಗ ಅಕ್ಷರ ಮಸುಕಾಗುತ್ತದೆ. ಅಂಥದ್ದು ಕಂಡರೆ ಆ ಪ್ರೋಗ್ರಾಮನ್ನು ಮುಚ್ಚಿ, ಯಾವ ಪರದೆಯಲ್ಲಿ ಕೆಲಸ ಮಾಡುತ್ತೀರೋ ಅದನ್ನು ಮುಖ್ಯ ಪರದೆಯಾಗಿ ಗೊತ್ತುಮಾಡಿ, ಒಮ್ಮೆ ಸೈನ್ ಔಟ್ ಆಗಿ ಬಂದು ಮತ್ತೆ ತೆರೆಯಿರಿ, ಬಹುಪಾಲು ಸರಿಹೋಗುತ್ತದೆ.

ಕೇಳಿದವರು

2560×1600 ಎಂದೇ ತೀರ್ಮಾನಿಸಿದೆ. ಮಾದರಿಯ ವಿವರಪಟ್ಟಿಯಲ್ಲಿ 400 ನಿಟ್ಸ್, 100% ಎಸ್‌ಆರ್‌ಜಿಬಿ ಎಂದಿದೆ. ಎರಡು ವಿಂಡೋಗಳ ಕೆಲಸವನ್ನು ಮಾನಿಟರಿಗೆ ಬಿಟ್ಟು, ಕರಡಿನ ಕೊನೆಯ ಓದನ್ನು ಲ್ಯಾಪ್‌ಟಾಪಿನ ಪರದೆಯಲ್ಲಿ ಮಾಡುವುದು ಎಂದುಕೊಂಡಿದ್ದೇನೆ.