ಬಿಗಿಯಾಗಿ ಕಟ್ಟಿದ ಮನೆ ಮತ್ತು ಮಕ್ಕಳು ಉಸಿರಾಡುವ ಗಾಳಿ

ಆತ್ಮೀಯರೇ, ಹೊಸ ಮನೆ ಕೊಳ್ಳಲು ಹೊರಟಿರುವ ಸದಸ್ಯರೊಬ್ಬರು ಎತ್ತಿದ ಪ್ರಶ್ನೆ ನಮ್ಮಲ್ಲಿ ಅನೇಕರದ್ದು: ಗೋಡೆ, ಕಿಟಕಿ, ಚಾವಣಿಗಳಲ್ಲಿ ಎಲ್ಲಿಯೂ ಸಂದು ಬಿಡದೆ ಕಟ್ಟಿದ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಬೆಳೆಸಬಹುದೇ? ಕಿಟಕಿ ತೆರೆದಿಟ್ಟ ಮನೆಗಳಲ್ಲಿ ಬೆಳೆದ ನಮಗೆ ಈ ಅಳುಕು ಸಹಜ. ಧಾರಾಳವಾಗಿ ಬೆಳೆಸಬಹುದು, ಆದರೆ ಅಂಥ ಮನೆಯಲ್ಲಿ ಗಾಳಿಯನ್ನು ಬದಲಿಸುವ ಯಂತ್ರ ಇರಲೇಬೇಕು, ಅದು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು.

ಸಂದುಗಳಿಂದ ಬರುವ ಗಾಳಿ ನಮ್ಮ ಅಗತ್ಯ ನೋಡಿಕೊಂಡು ಬರುವುದಿಲ್ಲ. ಚಳಿಗಾಳಿ ಬೀಸುವ ದಿನ ಅದು ಅತಿಯಾಗಿ ನುಗ್ಗುತ್ತದೆ, ಹೊರಗೆ ಗಾಳಿ ನಿಂತ ಹಿತವಾದ ದಿನ ಬರುವುದೇ ಕಡಿಮೆ. ಬಂದರೂ ಗ್ಯಾರೇಜಿನ ಹೊಗೆಯನ್ನೋ ಅಟ್ಟದ ಧೂಳನ್ನೋ ನೆಲದಡಿಯಿಂದ ಬರುವ ವಿಕಿರಣಶೀಲ ರೇಡಾನ್ ಅನಿಲವನ್ನೋ ಹೊತ್ತು ತರಬಹುದು. ಒಳಗಿನ ತೇವದ ಗಾಳಿ ಇದೇ ಸಂದುಗಳಲ್ಲಿ ಹೊರಹೋಗುವಾಗ ಗೋಡೆಯೊಳಗಿನ ತಣ್ಣನೆಯ ಹಲಗೆಗೆ ತಗುಲಿ ನೀರಾಗುತ್ತದೆ, ಕಣ್ಣಿಗೆ ಬೀಳದ ಜಾಗದಲ್ಲಿ ಬೂಷ್ಟು ಹಿಡಿಯುತ್ತದೆ. ಆಸ್ತಮಾ ಇರುವ ಮಗುವಿಗೆ ಇದಕ್ಕಿಂತ ಕೆಟ್ಟದ್ದು ಬೇಕಿಲ್ಲ.

ಬಿಗಿತವನ್ನು ಅಳೆಯಲು ಬ್ಲೋವರ್ ಡೋರ್ ಪರೀಕ್ಷೆ ಇದೆ. ಮುಂಬಾಗಿಲಿಗೆ ಫ್ಯಾನ್ ಇರುವ ಬಟ್ಟೆಯ ಪರದೆ ಬಿಗಿದು, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಉಂಟುಮಾಡಿ, ಗಂಟೆಯಲ್ಲಿ ಮನೆಯ ಗಾಳಿ ಎಷ್ಟು ಸಲ ಬದಲಾಯಿತೆಂದು ಲೆಕ್ಕ ಹಾಕುತ್ತಾರೆ. ಪರೀಕ್ಷೆ ನಡೆಯುವಾಗ ಸ್ವಿಚ್ ಬೋರ್ಡಿನ ಬಳಿ ಕೈ ಹಿಡಿದು ನೋಡಿ. ಸೋರುವ ಮನೆಯಾದರೆ ಅಲ್ಲಿಂದ ಬರುವ ತಣ್ಣನೆಯ ಗಾಳಿ ಬೆರಳಿಗೆ ತಿಳಿಯುತ್ತದೆ. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮನೆಗಳಿಂದ ಬೆಳೆದುಬಂದ, ಅತಿ ಕಡಿಮೆ ಶಕ್ತಿ ಬಳಸುವ ಮನೆಗಳ ‘ಪ್ಯಾಸಿವ್ ಹೌಸ್’ ಮಾನದಂಡದ ಪ್ರಕಾರ ಈ ಸಂಖ್ಯೆ 0.6ನ್ನು ಮೀರಬಾರದು.

ಅಷ್ಟು ಬಿಗಿಯಾದ ಮನೆಗೆ ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಅಥವಾ ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್) ಎಂಬ, ಗಾಳಿ ಬದಲಿಸುವ ಯಂತ್ರ ಹಾಕುತ್ತಾರೆ. ಅದು ಬಚ್ಚಲು, ಅಡುಗೆಮನೆಗಳ ಹಳಸಿದ ಗಾಳಿಯನ್ನು ಸೆಳೆದು ಹೊರಹಾಕುತ್ತದೆ, ಫಿಲ್ಟರಿನಲ್ಲಿ ಸೋಸಿದ ಹೊಸ ಗಾಳಿಯನ್ನು ಮಲಗುವ ಕೋಣೆಗಳಿಗೆ ಕೊಡುತ್ತದೆ. ಎರಡೂ ಗಾಳಿಗಳು ತೆಳುವಾದ ಹಾಳೆಗಳ ಆಚೀಚೆ ಹರಿಯುವುದರಿಂದ, ಒಂದಕ್ಕೊಂದು ಬೆರೆಯದೆಯೇ ಹೋಗುವ ಗಾಳಿಯ ಶಾಖದ ಬಹುಪಾಲು ಬರುವ ಗಾಳಿಗೆ ಸಿಗುತ್ತದೆ. ಇಆರ್‌ವಿ ತೇವವನ್ನೂ ಸ್ವಲ್ಪ ಉಳಿಸಿಕೊಡುತ್ತದೆ. ಚಳಿಗಾಲದಲ್ಲಿ ಮಕ್ಕಳ ಮೂಗು ಒಣಗಿ ರಕ್ತ ಬರುವ ಮನೆಗಳಲ್ಲಿ ನಾನು ಅದನ್ನೇ ಆಯ್ದುಕೊಳ್ಳಲು ಹೇಳುತ್ತೇನೆ.

ಮಕ್ಕಳ ಕೋಣೆಯಲ್ಲಿ ಒಂದು ರಾತ್ರಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿದರೆ ಇದರ ಅಗತ್ಯ ಅರ್ಥವಾಗುತ್ತದೆ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ) ಇರುವ ಈ ಅನಿಲ, ಇಬ್ಬರು ಮಲಗಿ ಬಾಗಿಲು ಮುಚ್ಚಿದ, ಗಾಳಿಯಾಡದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ 2000 ದಾಟಬಹುದು. ಆ ಪ್ರಮಾಣದಲ್ಲಿ ಅದು ವಿಷವಲ್ಲ, ಆದರೆ ಹೊಸ ಪೀಠೋಪಕರಣಗಳಿಂದ ಹೊರಬರುವ ಫಾರ್ಮಾಲ್ಡಿಹೈಡ್‌ನಂಥ ಹಾನಿಕರ ಅನಿಲಗಳೂ ಅದರ ಜೊತೆಗೆ ಕೋಣೆಯಲ್ಲೇ ಉಳಿದಿವೆ ಎಂಬುದರ ಸೂಚನೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಒಲೆಯ ಹೊಗೆಗೆ ಈ ಯಂತ್ರ ಸಾಲದು. ಗಾಳಿಯನ್ನು ಹೊರಗೇ ಬಿಡುವ ಚಿಮಣಿ ಬೇರೆ ಬೇಕು. ಆದರೆ ಬಲವಾದ ಚಿಮಣಿ ಬಿಗಿಯಾದ ಮನೆಯಿಂದ ಗಾಳಿ ಸೆಳೆದಾಗ, ಮನೆಯೊಳಗಿನ ಗಾಳಿಯನ್ನೇ ಬಳಸಿ ಉರಿಯುವ ಬಾಯ್ಲರಿನ ಹೊಗೆ ಕಾರ್ಬನ್ ಮಾನಾಕ್ಸೈಡ್ ಸಮೇತ ಹಿಂದಕ್ಕೆ ತಿರುಗುವ ಅಪಾಯವಿದೆ. ಅಂಥ ಬಾಯ್ಲರ್ ಇದ್ದರೆ ಅದರ ಬದಲು ಹೊರಗಾಳಿಯನ್ನು ನೇರವಾಗಿ ಪಡೆಯುವ ಬಾಯ್ಲರ್ ಹಾಕಿಸಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಹಾಕಿಸಿ.

ಫಿಲ್ಟರನ್ನು ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ಬಿಳಿ ಹಾಳೆ ಬೂದು ಬಣ್ಣಕ್ಕೆ ತಿರುಗಿ ಮಡಿಕೆಗಳಲ್ಲಿ ಸಣ್ಣ ಹುಳುಗಳು ಸಿಕ್ಕಿಕೊಂಡಿದ್ದರೆ ಬದಲಿಸಿ. ಮಕ್ಕಳ ಕೋಣೆಯ ಬಾಗಿಲಡಿಯ ಸಂದನ್ನು ಚಾಪೆಯಿಂದ ಮುಚ್ಚಬೇಡಿ, ಏಕೆಂದರೆ ಗಾಳಿ ಹೊರಹೋಗುವ ದಾರಿ ಅದೇ. ಇನ್ನು ಮನೆ ಕೊಳ್ಳುವಾಗ, ಪ್ರತಿ ಕೋಣೆಗೆ ಎಷ್ಟು ಗಾಳಿ ಬರುತ್ತಿದೆ ಎಂದು ಅಳೆದು ಬರೆದ ವರದಿಯನ್ನು ಕಟ್ಟಿದವರಿಂದ ಕೇಳಿ ಪಡೆಯಿರಿ.