ಲ್ಯಾಟಿನ್ ‘ಪರುಮ್’: ಸ್ವಲ್ಪವೋ, ಸಾಲದೋ?

ಎಲ್ಲರಿಗೂ ನಮಸ್ಕಾರ.

ಕ್ರಿ.ಪೂ. 63ರಲ್ಲಿ ರೋಮಿನಲ್ಲಿ ಒಳಸಂಚು ಹೂಡಿದ ಕತಿಲೀನನ ಬಗ್ಗೆ ಇತಿಹಾಸಕಾರ ಸಲ್ಲುಸ್ತಿಯುಸ್ ಒಂದು ಮಾತು ಬರೆದಿದ್ದಾನೆ: ‘ಸತಿಸ್ ಎಲೊಕ್ವೆಂತಿಯೈ, ಸಪಿಯೆಂತಿಯೈ ಪರುಮ್’. ಇದನ್ನು ‘ಮಾತುಗಾರಿಕೆ ಸಾಕಷ್ಟು, ವಿವೇಕ ಸ್ವಲ್ಪ’ ಅಂತ ಕನ್ನಡಕ್ಕೆ ತಂದರೆ ಅರ್ಥ ಕೆಡುತ್ತದೆ.

‘ಸ್ವಲ್ಪ’ಕ್ಕೆ ಲ್ಯಾಟಿನ್‌ನಲ್ಲಿ ಬೇರೆಯೇ ಪದವಿದೆ, ‘ಪೌಲುಮ್’. ಇಷ್ಟಾದರೂ ಇದೆ ಅನ್ನುವಾಗ ಅದು ಬರುತ್ತದೆ. ‘ಪರುಮ್’ ಹಾಗಲ್ಲ, ಬೇಕಾದಷ್ಟು ಇಲ್ಲ ಅನ್ನುತ್ತದೆ. ‘ಪರುಮ್ ಇಂತೆಲ್ಲೆಗೊ’ ಅಂದವನಿಗೆ ಸ್ವಲ್ಪ ಅರ್ಥವಾಗಿದೆ ಅಂತಲ್ಲ, ಸರಿಯಾಗಿ ಅರ್ಥವಾಗಿಲ್ಲ ಅಂತ. ಹಾಗಾಗಿ ನನ್ನ ಮಟ್ಟಿಗೆ ‘ವಿವೇಕ ಸಾಲದು’ ಅನ್ನೋದೇ ಸರಿ. ಸತಿಸ್‌ಗೆ ಸಾಕು, ಪರುಮ್‌ಗೆ ಸಾಲದು. ಜೋಡಿ ಎಷ್ಟು ಚೆನ್ನಾಗಿ ಕೂಡುತ್ತದೆ ನೋಡಿ!

ಇನ್ನು ‘ಎಲೊಕ್ವೆಂತಿಯೈ’, ‘ಸಪಿಯೆಂತಿಯೈ’ ಪದಗಳ ಕೊನೆಯ ‘ಐ’. ಹೊಸದಾಗಿ ಕಲಿಯುವವರು ಇಲ್ಲೇ ಎಡವುತ್ತಾರೆ. ಅದು ಇಲ್ಲಿ ಷಷ್ಠಿ. ನಾವು ‘ಜಾಸ್ತಿ ಹಣ’ ಅಂದಾಗ ‘ಹಣ’ ಇದ್ದಂತೆಯೇ ಇರುತ್ತದೆ. ಲ್ಯಾಟಿನ್‌ನಲ್ಲಿ ‘ಪ್ಲುಸ್ ಪೆಕೂನಿಯೈ’, ಅಂದರೆ ‘ಹಣದ ಹೆಚ್ಚು ಪಾಲು’ ಅನ್ನುವ ಹಾಗೆ. ಅಲ್ಲಿ ‘ಪ್ಲುಸ್’ ವಿಶೇಷಣ ಅಲ್ಲ, ಅದೇ ನಾಮಪದ. ಆದರೆ ಎಣಿಸುವಂಥದ್ದು ಬಂದರೆ ಆಟ ಬದಲು: ‘ಪ್ಲೂರೇಸ್ ಹೊಮಿನೇಸ್’, ಹೆಚ್ಚು ಜನ. ಇಲ್ಲಿ ಷಷ್ಠಿ ಇಲ್ಲ, ಸುಮ್ನೆ ವಿಶೇಷಣ. ಸಾವಿರದ ಕತೆಯೂ ಹೀಗೇ. ಸಾವಿರ ಸೈನಿಕರು ‘ಮೀಲ್ಲೆ ಮೀಲಿತೇಸ್’. ಎರಡು ಸಾವಿರವಾದರೆ ‘ದುಒ ಮೀಲಿಯ ಮೀಲಿತುಮ್’, ‘ಸೈನಿಕರ ಎರಡು ಸಾವಿರಗಳು’.

ನನ್ನ ಪ್ರಶ್ನೆ ‘ಸತಿಸ್’ ಬಗ್ಗೆ. ‘ಸಾಕಷ್ಟು’ ಈಗ ‘ತುಂಬಾ’ ಅನ್ನುವ ಅರ್ಥಕ್ಕೆ ಜಾರಿದೆ ಅಲ್ವಾ? ‘ಸಾಕಷ್ಟು ಜನ ಬಂದಿದ್ರು’ ಅಂದರೆ ಯಾರೂ ‘ಬೇಕಿದ್ದಷ್ಟೇ ಜನ’ ಅಂತ ತಿಳಿಯೋದಿಲ್ಲ. ‘ಬೇಕಾದಷ್ಟು’ ಕೂಡ ಅದೇ ದಾರಿ ಹಿಡಿದಿದೆ. ಕೊರತೆಯೂ ಇಲ್ಲ, ಹೆಚ್ಚೂ ಇಲ್ಲ ಅನ್ನುವುದಕ್ಕೆ ‘ಸಾಲುವಷ್ಟು’ ಹಾಕಬಹುದೇ? ‘ಮಾತು ಸಾಲುವಷ್ಟಿತ್ತು, ವಿವೇಕ ಸಾಲದು’ ಅಂತ ಬರೆದು ನೋಡಿದೆ. ಕಿವಿಗೆ ಹಿತವಾಗಿದೆ, ಆದರೆ ‘ಸಾಲುವಷ್ಟು’ ಮಾತಿನಲ್ಲಿ ನಿಜಕ್ಕೂ ಬಳಕೆಯಲ್ಲಿದೆಯೇ? ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.